ಕಮ್ಯುನಿಟಿ ಕಾಲೇಜೋ, ನೇರವಾಗಿ ಯೂಸಿಯೋ?

ಕ್ಯಾಲಿಫೋರ್ನಿಯಾದಲ್ಲಿರುವ ನಿಮ್ಮ ಮಗಳು ಮೊದಲು ಕಮ್ಯುನಿಟಿ ಕಾಲೇಜಿನಲ್ಲಿ (ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು) ಓದಿ, ಮೂರನೇ ವರ್ಷಕ್ಕೆ ಯೂಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವರ್ಗವಾಗುವುದೋ, ನೇರವಾಗಿ ಯೂಸಿಗೇ ಸೇರುವುದೋ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮೊದಲು ದುಡ್ಡಿನ ಮಾತು.

ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಯೂನಿಟ್‌ಗೆ (ಕೋರ್ಸನ್ನು ಅಳೆಯುವ ಕ್ರೆಡಿಟ್) 46 ಡಾಲರ್. ಎರಡು ವರ್ಷದ 60 ಯೂನಿಟ್‌ಗೆ 2,760 ಡಾಲರ್ ಆಯಿತು. ಯೂಸಿಯಲ್ಲಿ ಒಂದೇ ವರ್ಷದ ಫೀಸು 14,000 ಡಾಲರಿಗೂ ಜಾಸ್ತಿ. ರೂಮು, ಊಟದ ಖರ್ಚು ಬೇರೆ. ಮನೆಯಿಂದಲೇ ಓಡಾಡಿ, ರಾತ್ರಿ ಮನೆಯ ಅನ್ನ-ಸಾರು ಉಂಡರೆ ಅದೂ ಉಳಿಯಿತು, ಅಲ್ವಾ? ಆದರೆ ಆದಾಯ ಕಡಿಮೆಯಿರುವ ಮನೆಯ ಮಕ್ಕಳಿಗೆ ಯೂಸಿಯ ಬ್ಲೂ ಅಂಡ್ ಗೋಲ್ಡ್ ಯೋಜನೆ ಟ್ಯೂಷನ್ ಫೀಸು ಭರಿಸುತ್ತದೆ. ಆಗ ಈ ಲೆಕ್ಕವೇ ಬೇರೆ. ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೂ 46 ಡಾಲರ್ ದರ ಸಿಗುವುದಿಲ್ಲ, ಯೂನಿಟ್‌ಗೆ ಹಲವು ಪಟ್ಟು ಕಟ್ಟಬೇಕು.

ಸೀಟಿನ ವಿಷಯದಲ್ಲಿ ಡೇವಿಸ್, ಅರ್ವೈನ್ ಸೇರಿ ಆರು ಯೂಸಿ ಕ್ಯಾಂಪಸ್‌ಗಳು ಕಮ್ಯುನಿಟಿ ಕಾಲೇಜಿನಿಂದ ಬರುವವರಲ್ಲಿ ಷರತ್ತು ಪೂರೈಸಿದವರಿಗೆ ಸೀಟಿನ ಖಾತ್ರಿ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ ಕೊಡುವುದಿಲ್ಲ. ಮಗಳಿಗೆ ಬರ್ಕ್ಲಿ ಕಂಪ್ಯೂಟರ್ ಸೈನ್ಸೇ ಬೇಕು, ಈಗಲೇ ಸೀಟು ಸಿಕ್ಕಿದೆ, ಫೀಸೂ ಭಾರವಲ್ಲ ಅಂದರೆ ದಯವಿಟ್ಟು ಬಿಡಬೇಡಿ. ಮುಂದೆ ಸಿಕ್ಕೀತು ಅನ್ನುವ ನಂಬಿಕೆ ಅಲ್ಲಿ ಸಾಲದು.

ಯಾವ ವಿಷಯ ಓದಬೇಕು ಅಂತ ಇನ್ನೂ ತೋಚದ ಮಕ್ಕಳಿಗೆ ನಾನು ಕಮ್ಯುನಿಟಿ ಕಾಲೇಜನ್ನೇ ಹೇಳುತ್ತೇನೆ. ಒಂದೇ ಎಚ್ಚರಿಕೆ: ಸುಮ್ನೆ ಸಿಕ್ಕ ಕ್ಲಾಸು ತಗೊಂಡರೆ ಯೂನಿಟ್ ವ್ಯರ್ಥವಾಗಿ ಮೂರನೇ ವರ್ಷವೂ ಅಲ್ಲೇ ಕಳೆಯಬೇಕಾದೀತು. ಪ್ರತಿ ಟರ್ಮಿನ ಮುಂಚೆ ಅಸಿಸ್ಟ್ ವೆಬ್‌ಸೈಟ್ (ಕಾಲೇಜಿನ ಯಾವ ಕೋರ್ಸು ಯೂಸಿಯ ಯಾವ ಕೋರ್ಸಿಗೆ ಸಮ ಅಂತ ತೋರಿಸುವ ತಾಣ) ತೆರೆದು, ಎಡಗಡೆ ಯೂಸಿ ಕೋರ್ಸು, ಬಲಗಡೆ ನಿಮ್ಮ ಕಾಲೇಜಿನ ಕೋರ್ಸು, ಒಂದೊಂದಾಗಿ ಮಗಳ ಜೊತೆ ಕೂತು ನೋಡಿ.