ಮೇಜರ್, ಮೈನರ್ ಲೆಕ್ಕಕ್ಕೆ ಡಿಗ್ರಿ ವರ್ಕ್ಸ್: ಎಷ್ಟರ ಮಟ್ಟಿಗೆ ನಂಬಬಹುದು?

ಅಮೆರಿಕದ ಬಹಳಷ್ಟು ಯೂನಿವರ್ಸಿಟಿಗಳು ಪದವಿ ವಿದ್ಯಾರ್ಥಿಗಳ ಕೈಗೆ ಕೊಡುವ ಸಾಫ್ಟ್‌ವೇರ್ ಎಲ್ಲೂಶಿಯನ್ ಕಂಪನಿಯ ಡಿಗ್ರಿ ವರ್ಕ್ಸ್. ಪಾಸಾದ, ಓದುತ್ತಿರುವ, ಮುಂದಿನ ಸೆಮಿಸ್ಟರ್‌ಗೆ ನೋಂದಾಯಿಸಿದ ಕೋರ್ಸ್‌ಗಳನ್ನೆಲ್ಲ ಡಿಗ್ರಿ, ಜನರಲ್ ಎಜುಕೇಶನ್ (ಎಲ್ಲರೂ ಓದಬೇಕಾದ ಸಾಮಾನ್ಯ ವಿಷಯಗಳು), ಮೇಜರ್ (ಮುಖ್ಯ ವಿಷಯ), ಮೈನರ್ (ಜೊತೆಗೆ ಓದುವ ಚಿಕ್ಕ ವಿಷಯ) ಎಂಬ ಬ್ಲಾಕ್‌ಗಳಿಗೆ ಹಂಚುತ್ತದೆ. ಸಾಮಾನ್ಯವಾಗಿ ಮುಗಿದದ್ದಕ್ಕೆ ಹಸಿರು, ನಡೆಯುತ್ತಿರುವುದಕ್ಕೆ ನೀಲಿ, ಬಾಕಿ ಇದ್ದದ್ದಕ್ಕೆ ಕೆಂಪು ಗುರುತು. ಎಣಿಸುವುದರಲ್ಲಿ ಇದು ಗಟ್ಟಿ. ಯಾವ ಕೋರ್ಸನ್ನು ಯಾವಾಗ ತೆಗೆದುಕೊಳ್ಳಬೇಕು ಅನ್ನುವುದು ಮಾತ್ರ ಈ ಲೆಕ್ಕ ತೋರಿಸುವ ಆಡಿಟ್ ಪುಟಕ್ಕೆ ಗೊತ್ತಾಗುವುದಿಲ್ಲ. ಅಲ್ಲೇ ಹೆಚ್ಚಿನವರು ಎಡವುವುದು.

ಮೊದಲು ಮೇಲ್ಗಡೆ ರಿಕ್ವೈರ್‌ಮೆಂಟ್ಸ್ ಎಂದು ಕಾಣುವ ಶೇಕಡಾವಾರು. ಅದು ಕ್ರೆಡಿಟ್‌ಗಳ ಲೆಕ್ಕವಲ್ಲ, ಪೂರೈಸಬೇಕಾದ ಪ್ರತಿ ಅಗತ್ಯದ ಎದುರು ಇರುವ, ಗುರುತು ಬಿದ್ದ ಚೌಕಗಳ ಲೆಕ್ಕ. 40 ಚೌಕಗಳಲ್ಲಿ 37 ತುಂಬಿದರೆ 92 ದಾಟುತ್ತದೆ. ಆದರೆ ಉಳಿದ 3 ಚೌಕಗಳು ಸಂಶೋಧನಾ ವಿಧಾನ, ಆಮೇಲೆ ಸೆಮಿನಾರ್, ಆಮೇಲೆ ಥೀಸಿಸ್ ಎಂದು ಒಂದರ ಹಿಂದೊಂದು ಬರುವಂಥವಾದರೆ ಇನ್ನೂ 3 ಸೆಮಿಸ್ಟರ್ ಬೇಕು. ಬಾಕಿ ಸಾಲಿನಲ್ಲಿ ಕೋರ್ಸ್ ಸಂಖ್ಯೆಯ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಅದಕ್ಕೆ ಪೂರ್ವಭಾವಿ ಕೋರ್ಸ್ ಇದೆ ಎಂದರ್ಥ. ಅದನ್ನು ಒತ್ತಿ ವಿವರ ಓದಿ. 3@ ಎಂದಿದ್ದರೆ 3ರಿಂದ ಶುರುವಾಗುವ ಯಾವ ಕೋರ್ಸಾದರೂ ನಡೆಯುತ್ತದೆ, 300:499 ಎಂದಿದ್ದರೆ ಆ ಎರಡರ ನಡುವಿನ ಯಾವುದಾದರೂ.

ಅತಿ ಹೆಚ್ಚು ಗೊಂದಲ ಮೇಜರ್ ಮತ್ತು ಮೈನರ್ ಒಂದಕ್ಕೊಂದು ಹತ್ತಿರದ ವಿಷಯಗಳಾದಾಗ. ಅರ್ಥಶಾಸ್ತ್ರ ಮೇಜರ್, ಸಂಖ್ಯಾಶಾಸ್ತ್ರ ಮೈನರ್ ಎಂದಿಟ್ಟುಕೊಳ್ಳಿ. ಮೈನರ್‌ಗೆ 18 ಕ್ರೆಡಿಟ್, ಅಂದರೆ 3 ಕ್ರೆಡಿಟ್‌ನ 6 ಕೋರ್ಸ್. ಎರಡಕ್ಕೂ ಸೇರಿ ಎಣಿಸಬಹುದಾದದ್ದು 2 ಕೋರ್ಸ್ ಮಾತ್ರ ಎಂಬ ನಿಯಮವಿದೆ. ವಿದ್ಯಾರ್ಥಿ ಕ್ಯಾಲ್ಕುಲಸ್, ಪ್ರಾಥಮಿಕ ಸಂಖ್ಯಾಶಾಸ್ತ್ರ, ಲೀನಿಯರ್ ಆಲ್ಜಿಬ್ರಾ ಮೂರನ್ನೂ ಪಾಸು ಮಾಡಿದ್ದಾರೆ, ಮೂರೂ ಎರಡೂ ಪಟ್ಟಿಯಲ್ಲಿವೆ. ಸಾಫ್ಟ್‌ವೇರ್ ಎರಡನ್ನು ಹಂಚಿಕೊಂಡು ಮೂರನೆಯದನ್ನು ಮೇಜರ್‌ಗೆ ಹಾಕಿಬಿಡುತ್ತದೆ. ಮೈನರ್‌ನಲ್ಲಿ ಲೀನಿಯರ್ ಆಲ್ಜಿಬ್ರಾ ಎದುರು ಕೆಂಪು ಹಾಗೇ ಉಳಿಯುತ್ತದೆ. ಪಾಸಾದ ಕೋರ್ಸ್ ಕಾಣೆಯಾಯಿತೆಂದು ರಿಜಿಸ್ಟ್ರಾರ್ ಕಚೇರಿಗೆ ಓಡಬೇಡಿ. ಅದೇ ಬ್ಲಾಕ್‌ನ ತಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಂಚಿಕೆಯ ಮಿತಿ ಬರೆದಿದೆಯೇ ನೋಡಿ. ಪರಿಹಾರ ಎರಡೇ: ಮೇಜರ್‌ನಲ್ಲಿ ಆ ಜಾಗಕ್ಕೆ ಬೇರೆ ಐಚ್ಛಿಕ ಕೋರ್ಸ್ ತೆಗೆದುಕೊಂಡು ಲೀನಿಯರ್ ಆಲ್ಜಿಬ್ರಾವನ್ನು ಮೈನರ್‌ಗೆ ಬಿಡಿಸಿಕೊಳ್ಳುವುದು, ಇಲ್ಲವೇ ಮೈನರ್ ವಿಭಾಗದಿಂದ ಬದಲಿ ಕೋರ್ಸ್‌ಗೆ ಒಪ್ಪಿಗೆ ಪಡೆದು ಅದನ್ನು ಸಿಸ್ಟಂನಲ್ಲಿ ವಿನಾಯಿತಿಯಾಗಿ ದಾಖಲಿಸುವುದು. ಸಲಹೆಗಾರರು ಬಾಯಿಮಾತಲ್ಲಿ ಆಗಲಿ ಎಂದದ್ದು ಆಡಿಟ್‌ಗೆ ತಿಳಿಯುವುದಿಲ್ಲ.

ಗ್ರೇಡಿನ ಲೆಕ್ಕವೂ ಹೀಗೇ. ಮೇಜರ್‌ಗೆ ಕನಿಷ್ಠ ಸಿ ಬೇಕೆನ್ನುವ ಕಡೆ ಸಿ ಮೈನಸ್ ಬಂದರೆ ಆ ಕೋರ್ಸ್ ಪದವಿಗೆ ಸಾಮಾನ್ಯವಾಗಿ ಬೇಕಾಗುವ ಒಟ್ಟು 120 ಕ್ರೆಡಿಟ್‌ನಲ್ಲಿ ಸೇರುತ್ತದೆ, ಮೇಜರ್‌ನಲ್ಲಿ ಸೇರುವುದಿಲ್ಲ, ಪುಟದ ಕೆಳಗೆ ಐಚ್ಛಿಕಗಳ ಜೊತೆ ಹೋಗಿ ಕೂರುತ್ತದೆ. ಅದಕ್ಕೇ ಈ ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು. ಫೇಲಾದ, ಕೈಬಿಟ್ಟ, ಮರಳಿ ಓದಿದ ಕೋರ್ಸ್‌ಗಳೂ ಅಲ್ಲೇ ಸಿಗುತ್ತವೆ.

ಪ್ರತಿ ಬ್ಲಾಕ್‌ನ ಮೇಲೆ ಕ್ಯಾಟಲಾಗ್ ವರ್ಷ, ಅಂದರೆ ಯಾವ ವರ್ಷದ ನಿಯಮ ಅನ್ವಯಿಸುತ್ತದೆ ಅನ್ನುವುದು ಇರುತ್ತದೆ. ಮೈನರ್ ತಡವಾಗಿ ಘೋಷಿಸಿದರೆ ಅದಕ್ಕೆ ಮೇಜರ್‌ಗಿಂತ ಬೇರೆ ವರ್ಷದ ನಿಯಮ ಅನ್ವಯಿಸಬಹುದು.

ವಾಟ್ ಇಫ್ ಎಂಬ ಸೌಲಭ್ಯ ನಿಜಕ್ಕೂ ಚಿನ್ನ. ಬೇರೆ ಮೇಜರ್ ಆರಿಸಿದರೆ ಎಷ್ಟು ಕೋರ್ಸ್ ಉಳಿಯುತ್ತವೆ, ಎಷ್ಟು ವ್ಯರ್ಥವಾಗುತ್ತವೆ ಅನ್ನುವುದನ್ನು ಕೆಲವೇ ಕ್ಷಣದಲ್ಲಿ ತೋರಿಸುತ್ತದೆ. ಆದರೆ ಅದರಿಂದ ಮೇಜರ್ ಬದಲಾಗುವುದಿಲ್ಲ, ಅದಕ್ಕೆ ಅರ್ಜಿ ಬೇರೆಯೇ ಹಾಕಬೇಕು.

ನೀಲಿ ಗುರುತಿನ ಬಗ್ಗೆ ಒಂದು ಎಚ್ಚರಿಕೆ: ನಡೆಯುತ್ತಿರುವ ಕೋರ್ಸನ್ನು ಪಾಸಾದಂತೆಯೇ ಎಣಿಸಿಡುತ್ತದೆ. ಫೇಲಾದರೆ ಆ ಚೌಕ ಮತ್ತೆ ಕೆಂಪು. ಹೀಗಾಗಿ ಪ್ರತಿ ಸೆಮಿಸ್ಟರ್ 2 ಸಲ ನೋಡಿ: ನೋಂದಣಿಗೆ ಮುಂಚೆ ಒಮ್ಮೆ, ಗ್ರೇಡ್ ಬಂದ ಮೇಲೆ ಒಮ್ಮೆ. ಮಾಹಿತಿ ಸಾಮಾನ್ಯವಾಗಿ ರಾತ್ರಿ ಹೊತ್ತು ನವೀಕರಣಗೊಳ್ಳುವುದರಿಂದ ಇಂದು ಬಂದ ಗ್ರೇಡ್ ನಾಳೆ ಕಾಣಬಹುದು. ಆಡಿಟ್ ಮರುಚಾಲನೆ ಮಾಡಿ, ಪಿಡಿಎಫ್ ಉಳಿಸಿ, ಕೆಂಪು ಸಾಲುಗಳಿಗೆ ಗುರುತು ಹಾಕಿಕೊಂಡೇ ಸಲಹೆಗಾರರ ಬಳಿ ಹೋಗಿ.