ಅಡಿಕೆ ಧಾರಣೆ ಚಿತ್ರಕ್ಕೆ ಪ್ಲೇರೈಟ್: ನನ್ನ ಅನುಭವ

ಪ್ರತಿ ಸಂಜೆ ನಮ್ಮ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಅಡಿಕೆ ಧಾರಣೆ ಹಾಕುವುದು ನನ್ನ ಕೆಲಸ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ನಾಲ್ಕು ಸಾಲು, ಎದುರಿಗೆ ಕನಿಷ್ಠ, ಗರಿಷ್ಠ. ಮೆಸೇಜಿನಲ್ಲಿ ಟೈಪ್ ಮಾಡಿದರೆ ಅಂಕಿಗಳು ಸಾಲು ತಪ್ಪಿ ಕಲಸಿಹೋಗುತ್ತವೆ. ವಯಸ್ಸಾದವರಿಗೆ ದೊಡ್ಡ ಅಕ್ಷರವೂ ಬೇಕು. ಅದಕ್ಕೇ ಚಿತ್ರ.

ಮೊದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಲೈಬ್ರರಿಯಲ್ಲಿ (ಸಿದ್ಧ ಕೋಡಿನ ಕಟ್ಟು) ನೇರವಾಗಿ ಚಿತ್ರದ ಮೇಲೆ ಅಕ್ಷರ ಬರೆಸಿದೆ. 'ಬೆಟ್ಟೆ'ಯ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿತು. ಚಿಕ್ಕಪ್ಪ ಫೋನ್ ಮಾಡಿ, "ಎಂತದು ಮಾರಾಯ, ಕನ್ನಡ ಹಿಂಗೆ ಒಡೆದು ಹೋಗಿದೆ?" ಅಂದರು. ಬೇಜಾರಾಯಿತು. ಕನ್ನಡದಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಲದು, ಒತ್ತು, ಅರ್ಕಾವತ್ತು ಎಲ್ಲ ಜೋಡಿಸಬೇಕು. ಬ್ರೌಸರ್ ಆ ಕೆಲಸವನ್ನು ದಿನಾ ಮಾಡುತ್ತಲೇ ಇರುತ್ತದೆ. ಕ್ರೋಮ್ ಬ್ರೌಸರಿನ ತಳಹದಿಯಾದ ಕ್ರೋಮಿಯಂ ಒಳಗಿರುವ, ಅಕ್ಷರ ಜೋಡಿಸುವ ಲೈಬ್ರರಿ ಹಾರ್ಫ್‌ಬಝ್ ಇರುವುದೇ ಇದಕ್ಕೆ. ಹಾಗಾಗಿ ಧಾರಣೆಯನ್ನು ವೆಬ್ ಪುಟ ಮಾಡಿ, ಬ್ರೌಸರ್‌ನಿಂದಲೇ ಅದರ ಚಿತ್ರ ತೆಗೆಸೋಣ ಅಂದುಕೊಂಡೆ.

ಹಳೆಯ ಲೇಖನಗಳು ಫ್ಯಾಂಟಮ್‌ಜೆಎಸ್ ಎಂಬ ಸಾಧನದ ಹೆಸರು ಹೇಳುತ್ತವೆ. ಅದರ ಕೆಲಸ 2018ರಲ್ಲೇ ನಿಂತಿದೆ, ಆ ಕಡೆ ಹೋಗಬೇಡಿ. ನಾನು ಹಿಡಿದದ್ದು ಪ್ಲೇರೈಟ್, ಅಂದರೆ ಕೋಡ್ ಬರೆದು ಬ್ರೌಸರ್ ಓಡಿಸಿ ಪುಟದ ಚಿತ್ರ ತೆಗೆಸುವ ಸಾಧನ. ಮೈಕ್ರೋಸಾಫ್ಟ್ 2020ರಲ್ಲಿ ಬಿಟ್ಟದ್ದು, ಉಚಿತ, ಪೈಥಾನ್‌ನಲ್ಲೂ ಸಿಗುತ್ತದೆ. ಬ್ರೌಸರ್ ತೆರೆಯ ಮೇಲೆ ಕಾಣಿಸದೆ ಹಿಂದೆಯೇ ಓಡುತ್ತದೆ.

ಧಾರಣೆಯನ್ನು ವೆಬ್ ಪುಟದ ಒಂದು ಸಾದಾ ಎಚ್‌ಟಿಎಂಎಲ್ ಟೇಬಲ್‌ನಲ್ಲಿ ಹಾಕುತ್ತೇನೆ. ಬ್ರೌಸರ್ ಕಿಟಕಿಯ ಅಗಲ 540 ಪಿಕ್ಸೆಲ್, ಡಿವೈಸ್ ಸ್ಕೇಲ್ (ಪುಟದ ಅಳತೆಯನ್ನು ಚಿತ್ರದಲ್ಲಿ ಎಷ್ಟು ಪಟ್ಟು ಮಾಡಬೇಕು ಎಂಬುದು) 2. ಅಂದರೆ ಚಿತ್ರದಲ್ಲಿ 1080 ಪಿಕ್ಸೆಲ್. ಈ ಸ್ಕೇಲ್ ಮರೀಬೇಡಿ, ಸುಮ್ನೆ ಬಿಟ್ಟರೆ ಅದು 1 ಇರುತ್ತದೆ, ಮೊಬೈಲಿನಲ್ಲಿ ದೊಡ್ಡದು ಮಾಡಿದಾಗ ಅಕ್ಷರ ಮಬ್ಬು. ನನಗೆ ತುಂಬ ಇಷ್ಟವಾದದ್ದು ಇನ್ನೊಂದು: ಇಡೀ ಪುಟ ತೆಗೆದು ಕತ್ತರಿಸುವ ರಗಳೆ ಇಲ್ಲ. ಲೊಕೇಟರ್‌ನಿಂದ (ಪುಟದ ಯಾವ ಭಾಗ ಎಂದು ಗುರುತಿಸುವ ಸೂಚನೆ) ಟೇಬಲ್ ಒಂದನ್ನೇ ತೋರಿಸಿದರೆ ಅಷ್ಟನ್ನೇ ತೆಗೆದು ಕೊಡುತ್ತದೆ. ಒಂದು ಸಾಲು ಜಾಸ್ತಿ ಆದರೆ ಚಿತ್ರವೂ ಅಷ್ಟು ಉದ್ದ ಆಗುತ್ತದೆ.

ಮನೆಯ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಚೆಂದ. ಬಾಡಿಗೆ ಸರ್ವರ್‌ಗೆ ಹಾಕಿದ ದಿನ ಅಕ್ಷರದ ಜಾಗದಲ್ಲೆಲ್ಲ ಬರೀ ಚೌಕ. ಅಲ್ಲಿ ಕನ್ನಡ ಫಾಂಟೇ ಇರಲಿಲ್ಲ. ನೋಟೋ ಸ್ಯಾನ್ಸ್ ಕನ್ನಡ ಫೈಲನ್ನು ಪುಟದ ಜೊತೆಗೇ ಇಟ್ಟೆ. ಸರ್ವರ್‌ನಲ್ಲಿ ಇನ್‌ಸ್ಟಾಲ್ ಮಾಡುವುದಕ್ಕಿಂತ ಇದು ಮೇಲು, ಯಾವ ಯಂತ್ರಕ್ಕೆ ಹೋದರೂ ಅದೇ ಮುಖ. ಫಾಂಟ್ ಬಂದು ಕೂರುವವರೆಗೆ ಪ್ಲೇರೈಟ್ ತಾನೇ ಕಾಯುತ್ತದೆ, ಅದಕ್ಕೆ ನಾನೇನೂ ಬರೆಯಬೇಕಾಗಲಿಲ್ಲ.

ಬ್ರೌಸರ್ ಇಳಿಸಿಕೊಳ್ಳಲು ನೂರಾರು ಎಂಬಿ ಬೇಕು, ಚಿಕ್ಕ ಸರ್ವರ್ ಇದ್ದವರು ಮೊದಲು ಜಾಗ ನೋಡಿಕೊಳ್ಳಿ. ತೀರಾ ಉದ್ದದ ಪುಟವನ್ನು ಒಂದೇ ಚಿತ್ರ ಮಾಡುವವರೂ ಹುಷಾರಾಗಿರಬೇಕು. ಕ್ರೋಮಿಯಂನಲ್ಲಿ 16384 ಪಿಕ್ಸೆಲ್ ದಾಟಿದರೆ ಕೆಳಗಿನ ಭಾಗ ಖಾಲಿ ಬರಬಹುದು, ಇಲ್ಲವೇ ಮೇಲಿನದೇ ಮತ್ತೆ ಬರಬಹುದು. ತುಂಡು ತುಂಡಾಗಿ ತೆಗೆಯಿರಿ. ನಮ್ಮ ನಾಲ್ಕು ಸಾಲಿಗೆ ಆ ಚಿಂತೆ ಇಲ್ಲ. ಚಿಕ್ಕಪ್ಪ ಈಗ ಫೋನ್ ಮಾಡುವುದು ಧಾರಣೆ ಇಳಿದ ದಿನ ಮಾತ್ರ.