ಎಂಟರ್‌ಪ್ರೈಸ್ ಆರ್ಕಿಟೆಕ್ಟ್‌ನಲ್ಲಿ ಟೆಸ್ಟ್ ಕೇಸ್: ಆರು ವರ್ಷ ಬಳಸಿದ ಮೇಲೆ

ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಅಂದರೆ ಸಾಫ್ಟ್‌ವೇರ್ ಡಿಸೈನನ್ನು ಡಯಾಗ್ರಾಂಗಳಲ್ಲಿ ಬರೆದಿಡುವ, ಸ್ಪಾರ್ಕ್ಸ್ ಸಿಸ್ಟಮ್ಸ್‌ನ ಟೂಲ್. ಮೊದಲು ನಮ್ಮ ಟೀಮಿನಲ್ಲಿ ಯೂಸ್ ಕೇಸ್‌ಗಳು (ಬಳಕೆದಾರ ಸಾಫ್ಟ್‌ವೇರಿನಿಂದ ಒಂದು ಕೆಲಸ ಮಾಡಿಸಿಕೊಳ್ಳೋದರ ವಿವರ) ಅದರಲ್ಲಿ, ಟೆಸ್ಟ್ ಕೇಸ್‌ಗಳು (ಏನನ್ನು ಹೇಗೆ ಪರೀಕ್ಷಿಸಬೇಕು ಅನ್ನೋದು) ಎಕ್ಸೆಲ್‌ನಲ್ಲಿ ಇರುತ್ತಿದ್ದವು. ಇಲ್ಲಿ ಡಿಸೈನ್ ಬದಲಾದರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆರು ವರ್ಷದ ಹಿಂದೆ ಎರಡನ್ನೂ ಒಂದೇ ಮಾಡೆಲ್‌ಗೆ ತಂದೆವು.

ಈ ಟೂಲ್‌ನಲ್ಲಿ ಯಾವ ಎಲಿಮೆಂಟ್ (ಯೂಸ್ ಕೇಸ್‌ನಂಥ, ಮಾಡೆಲ್‌ನ ಒಂದು ಭಾಗ) ಆರಿಸಿದರೂ ಅದಕ್ಕೆ ಟೆಸ್ಟ್ ಸೇರಿಸಬಹುದು. ಯೂನಿಟ್, ಇಂಟಿಗ್ರೇಷನ್, ಸಿಸ್ಟಮ್, ಅಕ್ಸೆಪ್ಟೆನ್ಸ್, ಸಿನಾರಿಯೊ ಅಂತ ವಿಧಗಳಿವೆ. ಪ್ರತಿ ಟೆಸ್ಟ್‌ಗೂ ವಿವರಣೆ, ಇನ್‌ಪುಟ್, ಯಾವಾಗ ಪಾಸ್ ಅನ್ನಬೇಕು, ಫಲಿತಾಂಶ, ಯಾರು ಓಡಿಸಿದರು, ಕೊನೆಗೆ ಓಡಿಸಿದ ದಿನ ಎಲ್ಲಕ್ಕೂ ಜಾಗ ಇದೆ.

ನನಗೆ ತುಂಬಾ ಹಿಡಿಸಿದ್ದು ಸಿನಾರಿಯೊಗಳಿಂದ, ಅಂದರೆ ಯೂಸ್ ಕೇಸ್ ಸಾಗಬಹುದಾದ ಒಂದೊಂದು ದಾರಿಯಿಂದ, ಟೆಸ್ಟ್ ತಯಾರಿಸೋದು. ಬಿಲ್ ಪಾವತಿಯ ಯೂಸ್ ಕೇಸ್ ತಗೊಳ್ಳಿ. ಹಣ ಕಟ್ಟೋದು ಮುಖ್ಯ ದಾರಿ. ಕಾರ್ಡ್ ಬದಲು ಯುಪಿಐ ಅಂದರೆ ಇನ್ನೊಂದು ದಾರಿ. ನಡುವೆ ನೆಟ್‌ವರ್ಕ್ ಹೋದರೆ ಅದು ಎಕ್ಸೆಪ್ಷನ್. ಇವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟರೆ ಪ್ರತಿ ದಾರಿಗೂ ಟೆಸ್ಟ್ ಸಿಗುತ್ತದೆ. ಬರೆದೇ ಇಲ್ಲದ ದಾರಿಗೆ ಟೆಸ್ಟ್ ಎಲ್ಲಿಂದ ಬರಬೇಕು ಹೇಳಿ? ನಮ್ಮ ಅರ್ಧದಷ್ಟು ಯೂಸ್ ಕೇಸ್‌ಗಳು ಎಷ್ಟು ಬಡಕಲಾಗಿದ್ದವು ಅನ್ನೋದು ಆಗಲೇ ಬಯಲಾಯಿತು! ಈಗ ಸಿನಾರಿಯೊ ತಿದ್ದಿದ ದಿನವೇ ಅದರ ಟೆಸ್ಟ್‌ಗಳ ಮೇಲೂ ಕಣ್ಣಾಡಿಸುವ ರೂಢಿ ಮಾಡಿಕೊಂಡಿದ್ದೇವೆ.

ಒಂದು ಸಲ ಮಾತ್ರ ಕೈ ಸುಟ್ಟುಕೊಂಡೆವು, ತಪ್ಪು ನಮ್ಮದೇ. ಒಂದೇ ಯೂಸ್ ಕೇಸ್ ಎರಡು ಕಡೆ ಇದೆ ಅಂತ ನಾನು ಒಂದನ್ನು ಅಳಿಸಿದೆ. ಟೆಸ್ಟ್‌ಗಳೆಲ್ಲ ಅದರ ಹೊಟ್ಟೆಯಲ್ಲೇ ಇದ್ದವು, ಅದರ ಜೊತೆಗೇ ಹೋದವು. ಹಿಂದಿನ ದಿನದ ಬ್ಯಾಕಪ್ ಇದ್ದದ್ದಕ್ಕೆ ಬಚಾವಾದೆ.

ಆಮೇಲೆ ದಾರಿ ಬದಲಿಸಿದೆವು. ಒಂದೇ ಎಲಿಮೆಂಟ್‌ಗೆ ಸಂಬಂಧಪಟ್ಟ ಸಣ್ಣ ಟೆಸ್ಟ್ ಆದರೆ ಅದರೊಳಗೇ ಇರಲಿ. ಎರಡು ಮೂರು ಭಾಗಗಳನ್ನು ಮುಟ್ಟುವಂಥದ್ದಕ್ಕೆ ಟೆಸ್ಟ್ ಕೇಸ್ ಅನ್ನುವ ಬೇರೆಯೇ ಎಲಿಮೆಂಟ್ ಇದೆ, ಅದನ್ನು ಬಳಸುತ್ತೇವೆ. ಅದು ಡಯಾಗ್ರಾಂನಲ್ಲಿ ಕಣ್ಣಿಗೆ ಕಾಣುತ್ತದೆ, ಅದರಿಂದ ರಿಕ್ವೈರ್‌ಮೆಂಟ್‌ಗೆ (ಸಾಫ್ಟ್‌ವೇರ್ ಏನು ಮಾಡಬೇಕು ಅನ್ನೋದಕ್ಕೆ) ಗೆರೆ ಎಳೆಯಬಹುದು. ಯಾವುದಕ್ಕೆ ಯಾವುದು ಜೋಡಿಯಾಗಿದೆ ಅಂತ ತೋರಿಸುವ ರಿಲೇಷನ್‌ಶಿಪ್ ಮ್ಯಾಟ್ರಿಕ್ಸ್ ತೆರೆದು ಒಂದು ಕಡೆ ರಿಕ್ವೈರ್‌ಮೆಂಟ್, ಇನ್ನೊಂದು ಕಡೆ ಟೆಸ್ಟ್ ಹಾಕಿದರೆ ಖಾಲಿ ಸಾಲುಗಳು, ಅಂದರೆ ಟೆಸ್ಟ್ ಇಲ್ಲದ ರಿಕ್ವೈರ್‌ಮೆಂಟ್‌ಗಳು, ಎದ್ದು ಕಾಣುತ್ತವೆ. ರಿಲೀಸ್‌ಗೆ ಮುಂಚೆ ನಾನು ನೋಡೋದು ಆ ಖಾಲಿ ಸಾಲುಗಳನ್ನೇ.

ಟೆಸ್ಟ್ ಪ್ಲಾನ್‌ಗೆ ನಮ್ಮದು ಸರಳ ಲೆಕ್ಕ. ರಿಲೀಸ್‌ಗೊಂದು ಪ್ಯಾಕೇಜ್ (ಫೋಲ್ಡರ್ ಇದ್ದಂತೆ), ಅದರೊಳಗೆ ಆ ಸಲ ಓಡಿಸಬೇಕಾದ ಟೆಸ್ಟ್‌ಗಳ ಡಯಾಗ್ರಾಂ. ಅದೇ ಟೆಸ್ಟ್ ಹತ್ತು ಡಯಾಗ್ರಾಂಗಳಲ್ಲಿ ಕಂಡರೂ ಮೂಲ ಒಂದೇ, ಕಾಪಿ ಮಾಡುವ ಗೋಜಿಲ್ಲ. ಶುರುವಿನಲ್ಲಿ ರಿಲೀಸ್‌ಗೊಮ್ಮೆ ಸುಮ್ನೆ ಕಾಪಿ ಮಾಡುತ್ತಾ ಹೋಗಿದ್ದೆವು. ಆ ಕಸ ಇನ್ನೂ ಪೂರ್ತಿ ಗುಡಿಸಿಲ್ಲ.

2022ರಲ್ಲಿ ಟೂಲ್‌ನ 16ನೇ ಆವೃತ್ತಿ ಬಂದ ಮೇಲೆ ಮಾಡೆಲ್ ಇದ್ದ ಫೈಲನ್ನು ಹಳೆಯ ಇಎಪಿ ಫಾರ್ಮ್ಯಾಟ್‌ನಿಂದ ಹೊಸ ಕ್ಯೂಇಎ ಫಾರ್ಮ್ಯಾಟ್‌ಗೆ ಬದಲಾಯಿಸಿಕೊಂಡೆವು. ಟೆಸ್ಟ್‌ಗಳು ಹಾಗೇ ಬಂದವು.

ದಿನಾ ನೂರಾರು ಟೆಸ್ಟ್ ಓಡಿಸಿ, ಪ್ರತಿ ಓಟದ ಲೆಕ್ಕ ಇಡುವವರು ಇದೊಂದನ್ನೇ ನಂಬಿ ಕೂರಬೇಡಿ. ಪ್ರತಿ ಬಿಲ್ಡ್‌ನ ಫಲಿತಾಂಶ ನಾವು ಬೇರೆ ಕಡೆ ಇಡುತ್ತೇವೆ, ಹೌದು, ಅದೇ ಎಕ್ಸೆಲ್‌ನಲ್ಲಿ. ಆದರೆ ಈಗ ಶೀಟಿನಲ್ಲಿ ಇರೋದು ಟೆಸ್ಟ್‌ನ ನಂಬರ್, ದಿನಾಂಕ, ಪಾಸೋ ಫೇಲೋ ಅಷ್ಟೇ.